ಗಲ್ಲಾದ ಹಿಂದೆ ಕುಳಿತ ಖಳನಾಯಕ

ಕಿರುತೆರೆಯ ಥ್ರಿಲ್ಲರ್ ಸರಣಿಗಳಲ್ಲಿ ಬರುವ ಮಾದಕವಸ್ತು ದೊರೆಗಳ ಬಗ್ಗೆ ಪ್ರಶ್ನೆಗಳಿದ್ದರೆ ಕಳುಹಿಸಿ ಎಂದು ಕಳೆದ ಸಂಚಿಕೆಯಲ್ಲಿ ಕೇಳಿಕೊಂಡಿದ್ದೆ. ಬಂದ ಪತ್ರಗಳಲ್ಲಿ ಹೆಚ್ಚಿನವು ಒಬ್ಬನನ್ನೇ ಕುರಿತವು: ಅಮೆರಿಕದ ‘ಬ್ರೇಕಿಂಗ್ ಬ್ಯಾಡ್’ ಸರಣಿಯ ಗುಸ್ತಾವೊ ಫ್ರಿಂಗ್. ಸರಣಿಯನ್ನು ನೋಡದವರಿಗಾಗಿ ಎರಡು ಮಾತು. ನ್ಯೂ ಮೆಕ್ಸಿಕೊ ರಾಜ್ಯದ ಆಲ್ಬುಕರ್ಕಿ ನಗರದಲ್ಲಿ ರಸಾಯನಶಾಸ್ತ್ರದ ಮೇಷ್ಟ್ರಾಗಿರುವ ವಾಲ್ಟರ್ ವೈಟ್, ತನಗೆ ಶ್ವಾಸಕೋಶದ ಕ್ಯಾನ್ಸರ್ ಇದೆಯೆಂದು ತಿಳಿದ ಮೇಲೆ, ಹೆಂಡತಿ ಮಕ್ಕಳಿಗೆ ದುಡ್ಡು ಮಾಡಿಡಲೆಂದು ಮೆಥಾಂಫೆಟಮೈನ್ ಎಂಬ ಮಾದಕವಸ್ತುವಿನ ತಯಾರಿಕೆಗೆ ಇಳಿಯುತ್ತಾನೆ. ಅವನ ಸರಕನ್ನು ಸಗಟಾಗಿ ಕೊಳ್ಳುವವನೇ ಫ್ರಿಂಗ್. ಊರಿನವರ ಕಣ್ಣಿಗೆ ಮಾತ್ರ ಅವನು ಕರಿದ ಕೋಳಿಯ ಹೋಟೆಲುಗಳನ್ನು ನಡೆಸುವ ಸಜ್ಜನ. 2008ರ ಜನವರಿಯಿಂದ 2013ರ ಸೆಪ್ಟೆಂಬರ್‌ವರೆಗೆ ಐದು ಸೀಸನ್‌ಗಳಲ್ಲಿ 62 ಕಂತುಗಳಾಗಿ ಬಂದ ಕಥೆಯಿದು. ಮುಗಿದು ಇಷ್ಟು ವರ್ಷಗಳಾಗಿರುವುದರಿಂದ ಕೊನೆಯನ್ನು ಮುಚ್ಚಿಡದೆ ಉತ್ತರಿಸಿದ್ದೇನೆ. ಇನ್ನೂ ನೋಡುವ ಆಸೆಯಿರುವವರು ಈ ಪುಟವನ್ನು ಮಡಿಸಿಟ್ಟುಕೊಂಡು ಆಮೇಲೆ ಓದಬಹುದು.

ಪ್ರಶ್ನೆ: ನಾನು ನಿವೃತ್ತ ಬ್ಯಾಂಕ್ ನೌಕರ. ಮೊಮ್ಮಗನ ಬಲವಂತಕ್ಕೆ ಈ ಸರಣಿ ನೋಡಿದೆ. ಫ್ರಿಂಗ್ ಒಮ್ಮೆಯೂ ದನಿ ಏರಿಸುವುದಿಲ್ಲ, ಗಹಗಹಿಸಿ ನಗುವುದಿಲ್ಲ. ಆದರೂ ನಮ್ಮ ಕಾಲದ ಸಿನಿಮಾ ಖಳನಾಯಕರಿಗಿಂತ ಇವನನ್ನು ಕಂಡರೆ ಹೆಚ್ಚು ಭಯವಾಗುತ್ತದೆ. ಕಾರಣವೇನು?
— ಓದುಗರು, ಬಸವನಗುಡಿ

ಉತ್ತರ: ನಮ್ಮ ಹಳೆಯ ಖಳರು ತಮ್ಮ ಆಗಮನವನ್ನು ತಾವೇ ಸಾರಿಕೊಂಡು ಬರುತ್ತಿದ್ದರು. ಯಕ್ಷಗಾನದಲ್ಲಿ ಬಣ್ಣದ ವೇಷ ರಂಗಕ್ಕೆ ಬರುವ ಮುಂಚೆ ಇಬ್ಬರು ತೆರೆ ಹಿಡಿದು ನಿಲ್ಲುತ್ತಾರೆ, ಚೆಂಡೆ ಬಿರುಸಾಗುತ್ತದೆ, ತೆರೆಯ ಮೇಲಂಚಿನಲ್ಲಿ ಮೊದಲು ಕಿರೀಟವಷ್ಟೇ ಕಾಣುತ್ತದೆ. ಅಕ್ಕಿಹಿಟ್ಟಿನ ಚುಟ್ಟಿ ಇಟ್ಟ ಆ ಮುಖ ಪೂರ್ತಿ ಹೊರಬೀಳುವ ಹೊತ್ತಿಗೆ, ನಿದ್ದೆಗಣ್ಣಿನಲ್ಲಿ ಕುಳಿತ ಮಗುವಿಗೂ ಇವನು ರಕ್ಕಸನೆಂದು ಗೊತ್ತಾಗಿರುತ್ತದೆ. ಚಿತ್ರರಂಗವೂ ಬಹುಕಾಲ ಅದೇ ಜಾಡಿನಲ್ಲಿ ನಡೆಯಿತು. ವಜ್ರಮುನಿಯವರ ಕಂಚಿನ ಕಂಠ ಕೇಳಿದೊಡನೆ ಚಿತ್ರಮಂದಿರದಲ್ಲಿ ಭಯ ಹುಟ್ಟುತ್ತಿತ್ತು ನಿಜ, ಅದರ ಜೊತೆಗೆ ಒಂದು ಬಗೆಯ ನೆಮ್ಮದಿಯೂ ಇರುತ್ತಿತ್ತು. ಕೆಟ್ಟವನು ಯಾರೆಂದು ಖಚಿತವಾಗಿ ತಿಳಿದಿರುವ ನೆಮ್ಮದಿ ಅದು.

ಫ್ರಿಂಗ್‌ಗೆ ತೆರೆಯೂ ಇಲ್ಲ, ಚೆಂಡೆಯೂ ಇಲ್ಲ. 2009ರಲ್ಲಿ, ಎರಡನೆಯ ಸೀಸನ್ನಿನ ಕೊನೆಯ ಭಾಗದಲ್ಲಿ ಅವನು ಮೊದಲ ಸಲ ಕಾಣಿಸಿಕೊಂಡಾಗ, ಅವನನ್ನು ಭೇಟಿಯಾಗಲೆಂದೇ ಹೋಟೆಲಿಗೆ ಬಂದು ಕಾದು ಕುಳಿತ ವಾಲ್ಟರನಿಗೂ ಅವನ ಗುರುತು ಸಿಗುವುದಿಲ್ಲ. ಮೇಜುಗಳ ನಡುವೆ ಓಡಾಡುತ್ತ ಗಿರಾಕಿಗಳ ಯೋಗಕ್ಷೇಮ ವಿಚಾರಿಸುವ ಕನ್ನಡಕದ ಮ್ಯಾನೇಜರನೇ ತಾನು ಕಾಯುತ್ತಿದ್ದ ದೊರೆಯೆಂದು ಅವನು ಊಹಿಸಿಯೇ ಇರುವುದಿಲ್ಲ. ಬೆಂಗಳೂರಿನವರಾದ ನಾವಂತೂ ಈ ಮೋಸಕ್ಕೆ ಬೇಗ ಬೀಳುವವರು. ಗಲ್ಲಾದಲ್ಲಿ ಕುಳಿತವರು ‘ಬನ್ನಿ ಸಾರ್, ಬಹಳ ದಿನ ಆಯ್ತಲ್ಲ’ ಎಂದು ಕೇಳಿ, ಚಿಲ್ಲರೆಯನ್ನು ಕಲ್ಲಿನ ಮೇಲೆ ಎಸೆಯದೆ ಕೈಗೇ ಕೊಟ್ಟರೆ ಸಾಕು, ಅವರ ಮನೆತನವೇ ದೊಡ್ಡದೆಂದು ಮನಸ್ಸಿನಲ್ಲೇ ಪ್ರಮಾಣಪತ್ರ ಬರೆದುಕೊಟ್ಟುಬಿಡುತ್ತೇವೆ.

ನಾಲ್ಕನೆಯ ಸೀಸನ್ನಿನ ಮೊದಲ ಕಂತನ್ನು ಇನ್ನೊಮ್ಮೆ ನೋಡಿ. ಫ್ರಿಂಗ್ ನೇಮಿಸಿದ್ದ ಮತ್ತೊಬ್ಬ ರಸಾಯನಜ್ಞನನ್ನು ವಾಲ್ಟರ್ ತನ್ನ ಶಿಷ್ಯನ ಕೈಯಲ್ಲಿ ಕೊಲ್ಲಿಸಿದ್ದಾನೆ. ಲಾಂಡ್ರಿಯೊಂದರ ಕೆಳಗೆ ನೆಲಮಾಳಿಗೆಯಲ್ಲಿರುವ ಪ್ರಯೋಗಾಲಯದಲ್ಲಿ ಗುರುಶಿಷ್ಯರಿಬ್ಬರೂ ತೀರ್ಪಿಗಾಗಿ ಕಾಯುತ್ತಿದ್ದಾರೆ. ಫ್ರಿಂಗ್ ಮೆಟ್ಟಿಲಿಳಿದು ಬರುತ್ತಾನೆ. ವಾಲ್ಟರ್ ಒಂದೇ ಸಮನೆ ಮಾತನಾಡುತ್ತಿದ್ದಾನೆ, ತಾನಿಲ್ಲದೆ ಕೆಲಸ ನಡೆಯದೆಂದು ವಾದಿಸುತ್ತಿದ್ದಾನೆ. ಇವನು ಮಾತ್ರ ತುಟಿ ಪಿಟಕ್ಕೆನ್ನದೆ, ಮೈಮೇಲಿನ ಬಟ್ಟೆಯನ್ನು ಜೋಪಾನವಾಗಿ ತೆಗೆದಿಟ್ಟು, ಪ್ರಯೋಗಾಲಯದ ರಕ್ಷಾ ಉಡುಪನ್ನು ಆತುರವಿಲ್ಲದೆ ಧರಿಸಿ, ರಟ್ಟಿನ ಪೆಟ್ಟಿಗೆ ಕೊಯ್ಯುವ ಚಾಕುವನ್ನು ಕೈಗೆತ್ತಿಕೊಳ್ಳುತ್ತಾನೆ. ಆಮೇಲೆ ಅವನು ಕತ್ತು ಕೊಯ್ಯುವುದು ವಾಲ್ಟರನದಲ್ಲ, ಪಕ್ಕದಲ್ಲಿ ನಿಂತಿದ್ದ ತನ್ನದೇ ನಂಬಿಕೆಯ ಆಳಿನದು. ಆ ಆಳು ಕೊಲೆ ನಡೆದ ಮನೆಯ ಬಳಿ ಜನರ ಕಣ್ಣಿಗೆ ಬಿದ್ದಿದ್ದ. ರಕ್ತವನ್ನು ತೊಳೆದುಕೊಂಡು, ಮತ್ತೆ ತನ್ನ ಬಟ್ಟೆ ತೊಟ್ಟು, ಮೆಟ್ಟಿಲು ಹತ್ತುವಾಗ ತಿರುಗಿ ನೋಡಿ, ಕೆಲಸಕ್ಕೆ ಮರಳಿ ಎನ್ನುವಷ್ಟನ್ನೇ ಹೇಳಿ ಹೋಗುತ್ತಾನೆ. ಇಡೀ ದೃಶ್ಯದಲ್ಲಿ ಅವನ ಮಾತು ಅಷ್ಟೇ. ಸಿಟ್ಟಿನಲ್ಲಿ ಕೊಂದವನಾಗಿದ್ದರೆ ಸಿಟ್ಟು ಇಳಿದ ಮೇಲೆ ಅವನ ಕಾಲು ಹಿಡಿಯಬಹುದೆಂಬ ಆಸೆಯಾದರೂ ಉಳಿಯುತ್ತಿತ್ತು. ಇಲ್ಲಿ ಇಳಿಯುವುದಕ್ಕೆ ಸಿಟ್ಟೇ ಇಲ್ಲ.

ಈ ಪಾತ್ರವನ್ನು ಮಾಡಿದವರು ಜಿಯಾನ್‌ಕಾರ್ಲೊ ಎಸ್ಪೊಸಿಟೊ. 2012ರಲ್ಲಿ ಎಮ್ಮಿ ಪ್ರಶಸ್ತಿಗೆ ಅವರ ಹೆಸರು ನಾಮನಿರ್ದೇಶನವಾಗಿತ್ತು, ಪ್ರಶಸ್ತಿ ಬರಲಿಲ್ಲ. ಬರಬೇಕಿತ್ತು ಎನ್ನುವವರಲ್ಲಿ ನಾನೂ ಒಬ್ಬ.

ಪ್ರಶ್ನೆ: ನಾನು ಉಪಶೀರ್ಷಿಕೆ ಬರೆಯುವ ಕೆಲಸ ಮಾಡುತ್ತೇನೆ. ಫ್ರಿಂಗ್‌ನಂತಹ ಪಾತ್ರ ಕನ್ನಡದಲ್ಲಿ ಮಾತನಾಡಿದರೆ ಎದುರಿನವರನ್ನು ‘ನೀನು’ ಎನ್ನಬೇಕೋ ‘ನೀವು’ ಎನ್ನಬೇಕೋ? ನಮ್ಮ ತಂಡದಲ್ಲಿ ಇದೇ ಜಗಳ.
— ಓದುಗಿ, ಇಂದಿರಾನಗರ

ಉತ್ತರ: ‘ನೀವು’ ಎನ್ನಿ, ಕಥೆಯ ಕೊನೆಯವರೆಗೂ ಅದನ್ನು ಬಿಡಬೇಡಿ. ಬಂದಿರುವ ಪ್ರಶ್ನೆಗಳಲ್ಲೆಲ್ಲ ನನಗೆ ಹೆಚ್ಚು ಇಷ್ಟವಾದದ್ದು ಇದು, ಏಕೆಂದರೆ ಇಂಗ್ಲಿಷ್ ಮೂಲದಲ್ಲಿ ಇಲ್ಲದ ಒಂದು ಅಸ್ತ್ರ ಇಲ್ಲಿ ಕನ್ನಡದ ಕೈಯಲ್ಲಿದೆ. ನಮ್ಮ ಸಿನಿಮಾದ ಖಳ ಮೊದಲ ವಾಕ್ಯದಲ್ಲಿ ‘ಲೇ’ ಎಂದು ತೊಡಗಿದ ಕೂಡಲೇ ಅವನ ಬಂಡವಾಳ ಅರ್ಧ ಖರ್ಚಾಗಿರುತ್ತದೆ. ಆಮೇಲೆ ಅವನು ಎಷ್ಟು ಕೂಗಿದರೂ ಏರುವುದಕ್ಕೆ ಮೆಟ್ಟಿಲು ಉಳಿದಿರುವುದಿಲ್ಲ. ಏಕವಚನಕ್ಕೆ ಇಳಿದವನ ಮೇಲೆ ನಾವೂ ಏಕವಚನದಲ್ಲಿ ಹರಿಹಾಯಬಹುದು, ಬಹುವಚನ ಬಿಡದವನ ಮುಂದೆ ನಮ್ಮ ನಾಲಿಗೆಯೂ ಕಟ್ಟಿಹೋಗುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ. ನಾಲ್ಕನೆಯ ಸೀಸನ್ನಿನಲ್ಲಿ ಫ್ರಿಂಗ್ ವಾಲ್ಟರನನ್ನು ಮರುಭೂಮಿಗೆ ಕರೆಸಿಕೊಂಡು, ತನ್ನ ದಾರಿಗೆ ಅಡ್ಡ ಬಂದರೆ ಅವನ ಹೆಂಡತಿಯನ್ನು, ಮಗನನ್ನು, ಹಸುಗೂಸಾದ ಮಗಳನ್ನು ಕೊಲ್ಲುವುದಾಗಿ ಒಬ್ಬೊಬ್ಬರನ್ನೇ ಎಣಿಸಿ ಹೇಳುತ್ತಾನೆ. ಇದನ್ನು ಬೆಂಗಳೂರು, ಮೈಸೂರಿನ ಕಡೆಯ ಮರ್ಯಾದಸ್ಥರ ಕನ್ನಡದಲ್ಲಿ ಹೇಳಿಸಿ ನೋಡಿ. ನಮ್ಮಲ್ಲಿ ಪರಿಚಿತರು ಎದುರಾದರೆ ‘ಮನೆಯವರು ಚೆನ್ನಾಗಿದ್ದಾರಾ?’ ಎಂದು ಕೇಳುವುದು ವಾಡಿಕೆ. ‘ಮನೆಯವರು’ ಎಂದರೆ ಹೆಂಡತಿ ಅಥವಾ ಗಂಡನೂ ಹೌದು, ಇಡೀ ಸಂಸಾರವೂ ಹೌದು. ಮೊದಲನೆಯ ಭೇಟಿಯಲ್ಲಿ ಉಭಯಕುಶಲೋಪರಿಗಾಗಿ ಕೇಳಿದ ಅದೇ ಪದವನ್ನು ಮರುಭೂಮಿಯಲ್ಲಿ ‘ನಿಮ್ಮ ಮನೆಯವರನ್ನು’ ಎಂದು ಅವನ ಬಾಯಲ್ಲಿ ತಂದರೆ ಸಾಕು. ಕ್ರಿಯಾಪದ ಬರುವ ಮೊದಲೇ ನೋಡುಗನ ಎದೆ ಝಲ್ಲೆನ್ನುತ್ತದೆ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುವುದು ಇಂತಹ ಖಳನಾಯಕರಿಗೆಂದೇ ಮಾಡಿಟ್ಟ ಸೌಕರ್ಯದಂತಿದೆ.

‘ತಾವು’ ಮಾತ್ರ ಬೇಡ. ಅದು ಅವನನ್ನು ಪೌರಾಣಿಕ ನಾಟಕದ ಪಾತ್ರವನ್ನಾಗಿ ಮಾಡಿಬಿಡುತ್ತದೆ.

ಪ್ರಶ್ನೆ: ಕೋಟಿಗಟ್ಟಲೆ ಹಣವಿರುವ, ಬುದ್ಧಿವಂತನಾದ ವ್ಯಕ್ತಿಗೆ ಇಷ್ಟು ಕ್ರೌರ್ಯ ಯಾಕೆ ಬೇಕು? ಇದು ಕಥೆಗಾರರ ಉತ್ಪ್ರೇಕ್ಷೆಯಲ್ಲವೇ?
— ಓದುಗರು, ಬನಶಂಕರಿ

ಉತ್ತರ: ಕ್ರೌರ್ಯವನ್ನು ನಾವು ಸ್ವಭಾವದ ಮಾತೆಂದು ಎಣಿಸುತ್ತೇವೆ. ಈ ದಂಧೆಯಲ್ಲಿ ಅದು ವ್ಯಾಪಾರದ ಸಲಕರಣೆ. ಚಿಕ್ಕಪೇಟೆಯ ಬಟ್ಟೆ ವ್ಯಾಪಾರಿಯೊಬ್ಬರು ಐದು ಲಕ್ಷದ ಸರಕನ್ನು ಸಾಲಕ್ಕೆ ಕೊಟ್ಟರೆನ್ನಿ. ಪಡೆದವರು ಕೊಟ್ಟ ಚೆಕ್ ಬೌನ್ಸಾದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೆಯ ಕಲಮಿನಡಿ ನೋಟಿಸ್ ಕೊಟ್ಟು ನ್ಯಾಯಾಲಯಕ್ಕೆ ಹೋಗಬಹುದು. ವರ್ಷಗಟ್ಟಲೆ ಅಲೆದಾಡಬೇಕಾದೀತು, ಆದರೂ ಒಂದು ಬಾಗಿಲಿದೆ. ಬಿಲ್ಲಿದೆ, ಸಹಿಯಿದೆ, ಸಾಕ್ಷಿಯಿದೆ. ಮಾದಕವಸ್ತುವಿನ ವ್ಯಾಪಾರಿಗೆ ಇವು ಯಾವುವೂ ಇಲ್ಲ. ಸಾಲ ಪಡೆದವನು ಕೈ ಎತ್ತಿದರೆ ಅವನು ಯಾವ ಕೋರ್ಟಿನ ಕಟ್ಟೆ ಹತ್ತಬೇಕು? ಕೆಲಸದವನು ಗುಟ್ಟು ಬಿಟ್ಟುಕೊಟ್ಟರೆ ಯಾವ ಕಾರ್ಮಿಕ ಅಧಿಕಾರಿಗೆ ದೂರು ಕೊಡಬೇಕು? ಬಿಲ್ಲು, ಕೋರ್ಟು, ಪೊಲೀಸು ಮಾಡುವ ಕೆಲಸವನ್ನೆಲ್ಲ ಅಲ್ಲಿ ಭಯವೊಂದೇ ಮಾಡಬೇಕು. ಆ ಭಯ ಸವೆಯದಂತೆ ಆಗಾಗ ಸಾಣೆ ಹಿಡಿಯುತ್ತಿರಬೇಕು. ಫ್ರಿಂಗ್ ತನ್ನ ಆಳನ್ನು ವಾಲ್ಟರನ ಕಣ್ಣೆದುರಿಗೇ ಕೊಂದದ್ದು ಈ ಲೆಕ್ಕದಿಂದ.

ಹಾಗೆಂದು ಅವನು ಬರೀ ಲೆಕ್ಕದ ಯಂತ್ರವಾಗಿದ್ದರೆ ಪಾತ್ರ ಇಷ್ಟು ಎತ್ತರಕ್ಕೆ ಏರುತ್ತಿರಲಿಲ್ಲ. ಬಹಳ ವರ್ಷಗಳ ಹಿಂದೆ ಮೆಕ್ಸಿಕೊದ ಕಳ್ಳಸಾಗಣೆ ದೊರೆಯ ಈಜುಕೊಳದ ದಂಡೆಯಲ್ಲಿ ಹೆಕ್ಟರ್ ಸಲಮಾಂಕ ಎಂಬವನು ಫ್ರಿಂಗನ ಜೀವದ ಗೆಳೆಯ ಮ್ಯಾಕ್ಸ್‌ನನ್ನು ಗುಂಡಿಟ್ಟು ಕೊಂದಿದ್ದ. ನೀರಿಗೆ ಇಳಿಯುವ ರಕ್ತವನ್ನು ಫ್ರಿಂಗ್ ನೆಲಕ್ಕೆ ಒತ್ತಿ ಹಿಡಿಸಿಕೊಂಡು ನೋಡಬೇಕಾಗಿತ್ತು. ಮುಂದೆ ಅದೇ ಈಜುಕೊಳದ ದಂಡೆಯಲ್ಲಿ ಆ ದೊರೆಗೂ ಅವನ ಸಹಚರರಿಗೂ ಫ್ರಿಂಗ್ ವಿಷ ಬೆರೆಸಿದ ಮದ್ಯ ಕುಡಿಸುತ್ತಾನೆ. ನಂಬಿಕೆ ಬರಿಸಲು ತಾನೂ ಕುಡಿದಿರುತ್ತಾನೆ. ಆಮೇಲೆ ಬಚ್ಚಲುಮನೆಗೆ ಹೋಗಿ, ಮಂಡಿಗೆ ನೆಲ ತಾಗದಂತೆ ಟವೆಲನ್ನು ಹಾಸಿ, ಕನ್ನಡಕವನ್ನು ತೆಗೆದಿಟ್ಟು, ವಾಂತಿ ಮಾಡಿಕೊಳ್ಳುತ್ತಾನೆ. ಸಾವು ಬದುಕಿನ ನಡುವೆಯೂ ಟವೆಲಿನ ಅಂಚು ಸರಿಯಾಗಿರಬೇಕು! ಈ ಒಂದು ಕ್ಷಣವನ್ನು ಬರೆದವರ ಕೈಗೆ ಚಿನ್ನದ ಕಡಗ ತೊಡಿಸಬೇಕೆನ್ನಿಸುತ್ತದೆ.

ಅವನು ಸಾಯುವುದೂ ಈ ಹಳೆಯ ಸೇಡಿನಿಂದಲೇ. ಪಾರ್ಶ್ವವಾಯು ಬಡಿದು ಗಾಲಿಕುರ್ಚಿಯಲ್ಲಿ ಕುಳಿತ, ಬೆರಳಿನಲ್ಲಿ ಗಂಟೆ ಬಾರಿಸುವುದರ ಹೊರತು ಬೇರೇನೂ ಮಾಡಲಾಗದ ಹೆಕ್ಟರನನ್ನು ಕೊಲ್ಲಲು ಆಳನ್ನು ಕಳುಹಿಸಿದ್ದರೆ ಸಾಕಾಗುತ್ತಿತ್ತು. ವ್ಯಾಪಾರಿಯ ವಿವೇಕ ಹೇಳುತ್ತಿದ್ದದ್ದೂ ಅದನ್ನೇ. ಫ್ರಿಂಗ್ ತನ್ನ ಕೈಯಾರೆ ಕೊಲ್ಲಬೇಕೆಂದು ವೃದ್ಧಾಶ್ರಮಕ್ಕೆ ತಾನೇ ಹೋಗುತ್ತಾನೆ. ಗಾಲಿಕುರ್ಚಿಗೆ ವಾಲ್ಟರ್ ಕಟ್ಟಿದ್ದ ಬಾಂಬು ಅಲ್ಲಿ ಸಿಡಿಯುತ್ತದೆ. ಖಾತೆ ಪುಸ್ತಕದಲ್ಲಿ ಜಾಗವಿಲ್ಲದ ಒಂದೇ ಒಂದು ಬಾಕಿಯನ್ನು ವಸೂಲು ಮಾಡಲು ಹೋಗಿ ಅವನು ಕೆಟ್ಟ.

ಪ್ರಶ್ನೆ: ಆ ಸರಣಿಯಲ್ಲಿ ತೋರಿಸುವ ನೀಲಿ ಬಣ್ಣದ ಹರಳು ನಿಜವಾಗಿಯೂ ಹಾಗೆಯೇ ಇರುತ್ತದೆಯೇ? ನೋಡಿದವರು ತಯಾರಿಸಲು ಕಲಿತುಬಿಡುವುದಿಲ್ಲವೇ?
— ವಿದ್ಯಾರ್ಥಿ, ರಾಜಾಜಿನಗರ

ಉತ್ತರ: ಇಲ್ಲ. ಶುದ್ಧವಾದ ಆ ವಸ್ತುವಿಗೆ ಬಣ್ಣವಿರುವುದಿಲ್ಲ. ನೀಲಿ ಕಥೆಗಾರರ ಕಲ್ಪನೆ. ಚಿತ್ರೀಕರಣದಲ್ಲಿ ಬಳಸಿದ್ದು ಬಣ್ಣ ಹಾಕಿದ ಕಲ್ಲುಸಕ್ಕರೆ. ಓಕ್ಲಹೋಮ ವಿಶ್ವವಿದ್ಯಾಲಯದ ರಸಾಯನಶಾಸ್ತ್ರದ ಪ್ರಾಧ್ಯಾಪಕಿ ಡೊನ್ನಾ ನೆಲ್ಸನ್ ಸರಣಿಗೆ ಸಲಹೆಗಾರರಾಗಿದ್ದರು. ತಯಾರಿಕೆಯ ಹಂತಗಳನ್ನು ಮಾತ್ರ ಬೇಕೆಂದೇ ಅಲ್ಲಲ್ಲಿ ಬಿಟ್ಟು, ತಿರುಚಿ ತೋರಿಸಲಾಗಿದೆ. ನಿಮ್ಮ ಪ್ರಶ್ನೆಯ ಎರಡನೆಯ ಭಾಗ ಕುತೂಹಲದ್ದೆಂದೇ ಭಾವಿಸುತ್ತೇನೆ.

ಪ್ರಶ್ನೆ: ಕಿರುತೆರೆಯ ಮಾದಕವಸ್ತು ದೊರೆಗಳಲ್ಲಿ ಎಲ್ಲರಿಗಿಂತ ನಿರ್ದಯಿ ಫ್ರಿಂಗ್ ಎಂದು ಒಪ್ಪುತ್ತೀರಾ?
— ಓದುಗರು, ಮಲ್ಲೇಶ್ವರ

ಉತ್ತರ: ಒಪ್ಪುವುದಿಲ್ಲ. ನನ್ನ ಮತ ‘ದ ವೈರ್’ ಸರಣಿಯ ಮಾರ್ಲೊ ಸ್ಟ್ಯಾನ್‌ಫೀಲ್ಡ್‌ಗೆ. ಬಾಲ್ಟಿಮೋರ್ ನಗರದ ಪತ್ರಿಕಾ ವರದಿಗಾರರಾಗಿದ್ದ ಡೇವಿಡ್ ಸೈಮನ್, ಅದೇ ನಗರದ ಪೊಲೀಸ್ ಇಲಾಖೆಯಲ್ಲಿ ಪತ್ತೇದಾರರಾಗಿದ್ದ ಎಡ್ ಬರ್ನ್ಸ್ ಜೊತೆಗೂಡಿ ಕಟ್ಟಿದ ಸರಣಿಯದು. 2002ರಿಂದ 2008ರವರೆಗೆ 60 ಕಂತುಗಳಲ್ಲಿ ಬಂದಿತು. ಮಾರ್ಲೊ ಒಂದು ಅಂಗಡಿಗೆ ಹೋಗಿ, ಬಾಗಿಲಲ್ಲಿ ನಿಂತ ಕಾವಲುಗಾರ ನೋಡುತ್ತಿರುವಂತೆಯೇ, ಲಾಲಿಪಾಪನ್ನು ಕದ್ದು ಜೇಬಿಗಿಳಿಸುತ್ತಾನೆ. ಅವನ ಬಳಿ ಅಂಗಡಿಯನ್ನೇ ಕೊಳ್ಳುವಷ್ಟು ಹಣವಿದೆ. ಕಾವಲುಗಾರ ಹೊರಗೆ ಬಂದು, ನಾನೂ ಒಬ್ಬ ಮನುಷ್ಯ, ನನ್ನನ್ನು ಲೆಕ್ಕಕ್ಕೇ ಇಡದಂತೆ ನಡೆದುಕೊಳ್ಳಬೇಡ ಎಂಬ ಅರ್ಥದಲ್ಲಿ, ಹೆದರುತ್ತಲೇ, ಬೇಡಿಕೊಳ್ಳುವಂತೆ ಹೇಳುತ್ತಾನೆ. ಬಡವನ ಮರ್ಯಾದೆಯ ಆ ನಾಲ್ಕು ಮಾತಿಗೆ ಅವನು ತೆತ್ತದ್ದು ಪ್ರಾಣವನ್ನು. ನಮ್ಮ ಅಪಾರ್ಟ್‌ಮೆಂಟುಗಳ, ಎಟಿಎಂಗಳ ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ರಾತ್ರಿಯೆಲ್ಲ ಕೂರುವ ಸೆಕ್ಯುರಿಟಿಯವರನ್ನು ಕಂಡಾಗಲೆಲ್ಲ ನನಗೆ ಆ ದೃಶ್ಯ ನೆನಪಾಗುತ್ತದೆ.

2006ರಲ್ಲಿ ಬಂದ ನಾಲ್ಕನೆಯ ಸೀಸನ್ ಶುರುವಾಗುವುದು ಹಾರ್ಡ್‌ವೇರ್ ಅಂಗಡಿಯಲ್ಲಿ. ಮಾರ್ಲೊ ಕಡೆಯ ಹುಡುಗಿಯೊಬ್ಬಳು ಮೊಳೆ ಹೊಡೆಯುವ ಯಂತ್ರ ಕೊಳ್ಳಲು ಬಂದಿದ್ದಾಳೆ. ಅಂಗಡಿಯವನು ನಮ್ಮ ಎಸ್‌ಪಿ ರಸ್ತೆಯ ವ್ಯಾಪಾರಿಗಳಷ್ಟೇ ಉತ್ಸಾಹದಿಂದ ಯಾವುದು ಬಾಳಿಕೆ ಬರುತ್ತದೆ, ಯಾವುದರ ಹೊಡೆತ ಬಲವಾದದ್ದು ಎಂದು ವಿವರಿಸುತ್ತಿದ್ದಾನೆ. ಪಾಳುಬಿದ್ದ ಮನೆಗಳೊಳಗೆ ಹೆಣಗಳನ್ನಿಟ್ಟು ಬಾಗಿಲಿಗೆ ಹಲಗೆ ಜಡಿಯುವುದಕ್ಕೆ ಆ ಯಂತ್ರ ಬೇಕಾಗಿತ್ತೆಂದು ನಮಗೆ ತಿಳಿಯುವುದು ಆಮೇಲೆ. ಫ್ರಿಂಗ್‌ಗೆ ಕಾಪಾಡಿಕೊಳ್ಳಲು ಹೋಟೆಲಿದೆ, ಹೆಸರಿದೆ, ತೀರಿಸಿಕೊಳ್ಳಲು ಗೆಳೆಯನ ಸಾವಿನ ಸೇಡಿದೆ. ಮಾರ್ಲೊಗೆ ಇವಾವುವೂ ಇಲ್ಲ. ನಿಮ್ಮ ಮತ ಬೇರೆಯಿದ್ದರೆ ಬರೆಯಿರಿ, ಜಗಳವಾಡೋಣ.

ಪ್ರಶ್ನೆ: ಫ್ರಿಂಗ್ ನಿಜವಾಗಿ ಬದುಕಿದ್ದ ವ್ಯಕ್ತಿಯೇ? ‘ನಾರ್ಕೋಸ್’ ಸರಣಿಯ ಪಾಬ್ಲೊ ಎಸ್ಕೊಬಾರ್‌ಗೂ ಇವನಿಗೂ ಏನು ವ್ಯತ್ಯಾಸ?
— ಓದುಗರು, ಯಲಹಂಕ

ಉತ್ತರ: ಫ್ರಿಂಗ್ ಕಲ್ಪಿತ ವ್ಯಕ್ತಿ, ಸರಣಿಯ ನಿರ್ಮಾತೃ ವಿನ್ಸ್ ಗಿಲ್ಲಿಗನ್ ಮತ್ತು ಅವರ ಬರಹಗಾರರ ತಂಡದ ಸೃಷ್ಟಿ. ಎಸ್ಕೊಬಾರ್ ಕೊಲಂಬಿಯದ ಮೆಡೆಯಿನ್ ನಗರದಲ್ಲಿ ರಕ್ತಮಾಂಸ ತುಂಬಿಕೊಂಡು ಬದುಕಿದ್ದವನು. 1949ರಲ್ಲಿ ಹುಟ್ಟಿ, 1993ರ ಡಿಸೆಂಬರ್ 2ರಂದು ಅದೇ ನಗರದ ಹೆಂಚಿನ ಮಾಡೊಂದರ ಮೇಲೆ ಗುಂಡೇಟಿಗೆ ಬಿದ್ದವನು. 2015ರಲ್ಲಿ ಬಂದ ‘ನಾರ್ಕೋಸ್’ನಲ್ಲಿ ಆ ಪಾತ್ರ ಮಾಡಿದ ವಾಗ್ನರ್ ಮೌರಾ ಬ್ರೆಜಿಲ್‌ನವರು. ಪೋರ್ಚುಗೀಸ್ ಮನೆಮಾತಿನ ಅವರು ಈ ಪಾತ್ರಕ್ಕಾಗಿ ಸ್ಪ್ಯಾನಿಷ್ ಕಲಿತರು.

ವ್ಯತ್ಯಾಸವನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ, ಒಬ್ಬನು ಮರೆಯಲ್ಲಿರಲು ಬಯಸಿದ, ಇನ್ನೊಬ್ಬನು ಮೆರೆಯಲು ಬಯಸಿದ. ಫ್ರಿಂಗ್ ಮಾದಕವಸ್ತು ನಿಗ್ರಹ ಪೊಲೀಸರ ಓಟದ ಕಾರ್ಯಕ್ರಮಕ್ಕೆ ದೇಣಿಗೆ ಕೊಟ್ಟು, ಅವರೊಂದಿಗೆ ಸೌಜನ್ಯದಿಂದ ಕೈಕುಲುಕಿ, ಮಾಮೂಲಿ ಕಾರಿನಲ್ಲಿ ಮನೆಗೆ ಹೋಗುತ್ತಾನೆ. ಎಸ್ಕೊಬಾರ್ 1982ರಲ್ಲಿ ಸಂಸತ್ತಿಗೆ ಬದಲಿ ಸದಸ್ಯನಾಗಿ ಆಯ್ಕೆಯಾದ. ಅವನ ಹಣದ ಮೂಲವನ್ನು ಬಯಲಿಗೆಳೆದ ನ್ಯಾಯಮಂತ್ರಿ ರೊಡ್ರಿಗೊ ಲಾರಾ ಬೊನಿಯ 1984ರಲ್ಲಿ ಕೊಲೆಯಾದರು, ಅವನ ವಿರುದ್ಧ ಬರೆದ ಪತ್ರಿಕಾ ಸಂಪಾದಕ ಗಿಯೆರ್ಮೊ ಕಾನೊ 1986ರಲ್ಲಿ ಕೊಲೆಯಾದರು. 1989ರ ನವೆಂಬರ್‌ನಲ್ಲಿ ಅವನ ಕಡೆಯವರು ಅವಿಯಾಂಕ ಸಂಸ್ಥೆಯ ವಿಮಾನದಲ್ಲಿಟ್ಟ ಬಾಂಬಿಗೆ ಒಳಗಿದ್ದ 107 ಮಂದಿಯೂ ನೆಲದ ಮೇಲಿದ್ದ ಮೂವರೂ ಸತ್ತರು. ಅಧ್ಯಕ್ಷ ಪದವಿಯ ಅಭ್ಯರ್ಥಿಯೊಬ್ಬರು ಅದರಲ್ಲಿರುತ್ತಾರೆಂದು ಗುರಿಯಿಟ್ಟಿದ್ದರು. ಅವರು ಆ ವಿಮಾನ ಹತ್ತಿರಲೇ ಇಲ್ಲ.

ಆದ್ದರಿಂದ ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ‘ಯಾರು ದೊಡ್ಡ ಡಾನ್’ ಎಂದು ತೂಗುವುದು ನನಗೆ ಸರಿಕಾಣುವುದಿಲ್ಲ. ಫ್ರಿಂಗ್ ಕೊಂದವರು ಯಾರೂ ನಿಜವಾಗಿ ಸತ್ತಿಲ್ಲ; ಅವಿಯಾಂಕ ವಿಮಾನದಲ್ಲಿದ್ದವರ ಮಕ್ಕಳು ಇಂದಿಗೂ ಟಿವಿಯಲ್ಲಿ ಎಸ್ಕೊಬಾರನ ಆ ಮೀಸೆಯ ಮುಖವನ್ನು ನೋಡಬೇಕಾಗಿದೆ. ಒಂದು ವಿಚಿತ್ರವನ್ನು ಹೇಳದೆ ಇರಲಾರೆ: ಎಸ್ಕೊಬಾರ್ ತನ್ನ ಖಾಸಗಿ ಮೃಗಾಲಯಕ್ಕೆ ತರಿಸಿದ್ದ ನಾಲ್ಕು ನೀರುಕುದುರೆಗಳ ಸಂತತಿ ಈಗ ನೂರನ್ನು ದಾಟಿ, ಮಗ್ದಲೇನ ನದಿಯ ದಡದ ಊರುಗಳಿಗೆ ತಲೆನೋವಾಗಿದೆ. ಅವನ ಆಸ್ತಿಯನ್ನು ಮುಟ್ಟುಗೋಲು ಹಾಕಿಕೊಂಡ ಸರ್ಕಾರಕ್ಕೆ ಈ ಚರಾಸ್ತಿಯನ್ನು ಏನು ಮಾಡಬೇಕೆಂದು ಬಹುಕಾಲ ತೋಚಲಿಲ್ಲ.

ಪ್ರಶ್ನೆ: ಫ್ರಿಂಗ್ ಬೆಂಗಳೂರಿನಲ್ಲಿ ಸಿಕ್ಕಿಬಿದ್ದಿದ್ದರೆ ನಮ್ಮ ಕಾನೂನಿನಲ್ಲಿ ಏನಾಗುತ್ತಿತ್ತು? ಅವನು ಸರಕನ್ನು ಕೈಯಿಂದ ಮುಟ್ಟುವುದೇ ಇಲ್ಲವಲ್ಲ?
— ಕಾನೂನು ವಿದ್ಯಾರ್ಥಿನಿ, ಹನುಮಂತನಗರ

ಉತ್ತರ: ಮಾದಕವಸ್ತುಗಳಿಗೆ ಸಂಬಂಧಿಸಿದ 1985ರ ಎನ್‌ಡಿಪಿಎಸ್ ಕಾಯ್ದೆ ಶಿಕ್ಷೆಯನ್ನು ವಸ್ತುವಿನ ತೂಕದ ಮೇಲೆ ನಿಗದಿಮಾಡುತ್ತದೆಂದು ನಿಮಗೆ ಗೊತ್ತೇ ಇರುತ್ತದೆ. ಮೆಥಾಂಫೆಟಮೈನ್‌ಗೆ 2 ಗ್ರಾಂವರೆಗೆ ಅಲ್ಪ ಪ್ರಮಾಣ, 50 ಗ್ರಾಂ ದಾಟಿದರೆ ವಾಣಿಜ್ಯ ಪ್ರಮಾಣ. ಫ್ರಿಂಗನ ನೆಲಮಾಳಿಗೆಯಲ್ಲಿ ವಾರಕ್ಕೆ 200 ಪೌಂಡ್, ಅಂದರೆ ಸುಮಾರು 90 ಕಿಲೋ ತಯಾರಾಗುತ್ತಿತ್ತು. ಒಂದೇ ವಾರದ ಸರಕು ವಾಣಿಜ್ಯ ಪ್ರಮಾಣದ 1,800 ಪಟ್ಟು. ಇಷ್ಟಕ್ಕೆ 10ರಿಂದ 20 ವರ್ಷಗಳ ಕಠಿಣ ಸಜೆ ಮತ್ತು 1ರಿಂದ 2 ಲಕ್ಷ ರೂಪಾಯಿ ದಂಡವಿದೆ. ದಂಡದ ಮೊತ್ತ ಕೇಳಿದರೆ ಫ್ರಿಂಗ್ ಮೊದಲ ಬಾರಿಗೆ ನಗುತ್ತಿದ್ದನೇನೋ! ಅಕ್ರಮವಾಗಿ ಗಳಿಸಿದ ಆಸ್ತಿಯ ಮುಟ್ಟುಗೋಲಿಗೆ ಅದೇ ಕಾಯ್ದೆಯಲ್ಲಿ ಬೇರೆ ಅಧ್ಯಾಯವಿರುವುದರಿಂದ ಆ ನಗು ಹೆಚ್ಚು ಹೊತ್ತು ಉಳಿಯುವುದಿಲ್ಲ.

ಸರಕನ್ನು ಮುಟ್ಟದ ದೊರೆಗಾಗಿಯೇ ಇರುವಂತಿರುವುದು 27ಎ ಮತ್ತು 29ನೆಯ ಕಲಮುಗಳು. ಹಣ ಹೂಡಿದವನನ್ನು ಮೊದಲನೆಯದು, ಒಳಸಂಚು ಮತ್ತು ಪ್ರಚೋದನೆಯನ್ನು ಎರಡನೆಯದು ಹಿಡಿಯುತ್ತವೆ. 37ನೆಯ ಕಲಮಿನಿಂದಾಗಿ ಜಾಮೀನು ಬಲು ಕಷ್ಟ: ಆರೋಪಿ ತಪ್ಪಿತಸ್ಥನಲ್ಲವೆಂದು ನಂಬಲು ಸಕಾರಣಗಳಿವೆ, ಹೊರಬಂದರೆ ಮತ್ತೆ ಅಪರಾಧ ಮಾಡಲಾರ ಎಂದು ನ್ಯಾಯಾಲಯಕ್ಕೆ ಮನವರಿಕೆಯಾಗಬೇಕು. ಆದರೆ ತನಿಖೆಯವರೂ ಮೈಯೆಲ್ಲ ಕಣ್ಣಾಗಿರಬೇಕು. ಆರೋಪಿಯ ಮೈ ತಪಾಸಣೆಗೆ ಮುನ್ನ, ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಮುಂದೆ ತಪಾಸಣೆಗೊಳಗಾಗುವ ಹಕ್ಕು ಅವನಿಗಿದೆಯೆಂದು 50ನೆಯ ಕಲಮಿನಂತೆ ತಿಳಿಸಿರಬೇಕು. ಮಹಜರಿನಲ್ಲಿ, ಮುದ್ರೆಯಲ್ಲಿ, ಮಾದರಿ ಕಳುಹಿಸಿದ ದಿನಾಂಕದಲ್ಲಿ ಎಡವಿದರೆ ದೊಡ್ಡ ಪ್ರಕರಣವೂ ಜಾರಿಹೋಗಬಹುದು. ನಮ್ಮ ಸರಣಿಗಳಲ್ಲಿ ಇನ್‌ಸ್ಪೆಕ್ಟರು ಎರಡು ಬಿಗಿದ ಕೂಡಲೇ ಆರೋಪಿ ಎಲ್ಲವನ್ನೂ ಒಪ್ಪಿಕೊಂಡು ಕಥೆ ಮುಗಿಯುತ್ತದೆ. ಈ ಕಾಯ್ದೆಯ ತನಿಖಾಧಿಕಾರಿಯ ಮುಂದೆ ಕೊಟ್ಟ ತಪ್ಪೊಪ್ಪಿಗೆಯ ಆಧಾರದಲ್ಲಿ ಶಿಕ್ಷೆ ವಿಧಿಸುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2020ರ ತೂಫಾನ್ ಸಿಂಗ್ ಪ್ರಕರಣದಲ್ಲಿ ಬಹುಮತದಿಂದ ಹೇಳಿದೆ. ಸಂಭಾಷಣೆ ಬರೆಯುವವರು ಅದನ್ನು ಓದಿಕೊಂಡರೆ ಕಥೆಗೂ ಒಳ್ಳೆಯದು.

ಪ್ರಶ್ನೆ: ಪಿಯುಸಿ ಓದುವ ನನ್ನ ಮಗ ಮೊಬೈಲಿನ ಮುಖಪುಟಕ್ಕೆ ಈ ಖಳನಾಯಕನ ಚಿತ್ರ ಹಾಕಿಕೊಂಡಿದ್ದಾನೆ. ಏನು ಕೇಳಿದರೂ ಅವನಂತೆಯೇ ಕಣ್ಣು ಮಿಟುಕಿಸದೆ ಉತ್ತರ ಕೊಡುತ್ತಾನೆ. ನನಗೆ ದಿಗಿಲಾಗಿದೆ.
— ಹೆಸರು ಬೇಡ, ವಿಜಯನಗರ

ಉತ್ತರ: ತಾಯಿ, ಚಿತ್ರವೊಂದನ್ನೇ ನೋಡಿ ದಿಗಿಲುಪಡಬೇಡಿ. ಪಿಯುಸಿ ಓದುವ ದಿನಗಳಲ್ಲಿ ನಾನು ಅಪ್ಪನ ಶಾಲನ್ನು ಹೆಗಲಿಗೆ ಹಾಕಿಕೊಂಡು, ಕನ್ನಡಿಯ ಮುಂದೆ ನಿಂತು ವಜ್ರಮುನಿಯವರಂತೆ ಹುಬ್ಬೇರಿಸಿ ಹಾಲಿನವನಿಗೆ ಉತ್ತರ ಕೊಟ್ಟಿದ್ದೇನೆ. ಅಮ್ಮ ಸೌಟು ಹಿಡಿದು ಹೊರಬಂದ ಮೇಲೆ ಪಾತ್ರ ಮುಗಿಯಿತು. ಆ ವಯಸ್ಸಿನವರನ್ನು ಸೆಳೆಯುವುದು ದಂಧೆಗಿಂತ ಹೆಚ್ಚಾಗಿ ಆ ಹಿಡಿತ: ಯಾರೆಷ್ಟು ಕೆಣಕಿದರೂ ಅಲುಗದ ಮುಖ. ಪರೀಕ್ಷೆ, ಅಂಕ, ಸಿಇಟಿ ಎಂದು ನಾಲ್ಕು ದಿಕ್ಕಿನಿಂದ ಅಲುಗಾಡಿಸಿಕೊಳ್ಳುತ್ತಿರುವ ಹುಡುಗನಿಗೆ ಅಂತಹ ಮುಖ ಬೇಕೆನ್ನಿಸುವುದು ಸಹಜ.

ಅವನ ಜೊತೆ ಕುಳಿತು ಎರಡು ಕಂತು ನೋಡಿ. ಉಪದೇಶ ಬೇಡ. ಫ್ರಿಂಗ್ ಮಾರಿದ ಸರಕನ್ನು ಕೊಂಡವರು ತೆರೆಯ ಮೇಲೆ ಎಷ್ಟು ಹೊತ್ತು ಕಾಣಿಸಿದರು ಎಂದು ಸುಮ್ಮನೆ ಕೇಳಿ, ಅವನೇ ಯೋಚಿಸಲಿ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಒಟಿಟಿ ವೇದಿಕೆಗಳು ಪ್ರತಿ ಸರಣಿಗೂ ವಯಸ್ಸಿನ ವರ್ಗವನ್ನು ತೋರಿಸಬೇಕು, 13 ವರ್ಷಕ್ಕೆ ಮೇಲ್ಪಟ್ಟ ವರ್ಗಗಳಿಗೆ ಪೋಷಕರು ಬೀಗ ಹಾಕುವ ಸೌಲಭ್ಯ ಕೊಡಬೇಕು. ಮನೆಯಲ್ಲಿ ಚಿಕ್ಕವರಿದ್ದರೆ ಅದನ್ನು ಬಳಸಿ.

ಚಿತ್ರದ ಹೊರತಾಗಿ ಬೇರೆ ಬದಲಾವಣೆಗಳು ಕಂಡರೆ, ಅಂದರೆ ರಾತ್ರಿ ಹಗಲಾಗುವುದು, ಊಟ ಬಿಡುವುದು, ಹಣ ಕಾಣೆಯಾಗುವುದು, ಹಳೆಯ ಸ್ನೇಹಿತರು ದೂರವಾಗುವುದು ಇಂಥವಿದ್ದರೆ, ಬೈದು ಸಮಯ ಕಳೆಯದೆ ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಅಥವಾ ಮಾನಸಿಕ ಆರೋಗ್ಯದ ಟೆಲಿ ಮನಸ್ 14416ಕ್ಕೆ ಕರೆಮಾಡಿ, ಎರಡೂ ಉಚಿತ. ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ನೆರೆಹೊರೆಯವರು ಏನೆನ್ನುವರೋ ಎಂಬ ಅಳುಕನ್ನು ಬದಿಗಿಡಿ.

ಪ್ರಶ್ನೆ: ನಮ್ಮ ಕನ್ನಡ ಧಾರಾವಾಹಿಗಳಲ್ಲಿ ಇಂತಹ ಖಳನಾಯಕ ಯಾಕಿಲ್ಲ?
— ಓದುಗಿ, ಜಯನಗರ

ಉತ್ತರ: ವಾರಕ್ಕೆ ಐದಾರು ದಿನ, ವರ್ಷಗಟ್ಟಲೆ ನಡೆಯುವ ಕಥೆಯಲ್ಲಿ ಮಾತನಾಡದ ಖಳನನ್ನು ಸಾಕುವುದು ಕಷ್ಟ. ನಮ್ಮಲ್ಲಿ ಅತ್ತೆಯೋ ಸೋದರತ್ತೆಯೋ ವಿಷ ಬೆರೆಸುವ ಮುನ್ನ ಅದನ್ನು ಮನಸ್ಸಿನಲ್ಲೇ ಗಟ್ಟಿಯಾಗಿ ಹೇಳಿಕೊಳ್ಳುತ್ತಾರೆ, ಕ್ಯಾಮೆರಾ ಮೂರು ಸಲ ಅವರ ಮುಖಕ್ಕೆ ನುಗ್ಗುತ್ತದೆ, ಮಿಂಚು ಹೊಡೆಯುತ್ತದೆ. ಒಗ್ಗರಣೆ ಹಾಕಲು ಅಡುಗೆಮನೆಗೆ ಹೋದವರಿಗೂ ಕಥೆ ಕೇಳಿಸಬೇಕಲ್ಲ! ಕಡಿಮೆ ಕಂತುಗಳಲ್ಲಿ ಮುಗಿಯುವ ಸರಣಿಗಳು ಕನ್ನಡದಲ್ಲಿ ಹೆಚ್ಚಿದರೆ ಮೌನಕ್ಕೂ ಜಾಗ ಸಿಗಬಹುದು.

ಪ್ರಶ್ನೆ: ನಾನು ಗಾಂಧಿಬಜಾರ್ ಬಳಿ ಸಣ್ಣದೊಂದು ದರ್ಶಿನಿ ನಡೆಸುತ್ತೇನೆ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ನಾನೇ ಮೇಜು ಒರೆಸಿ, ಗಿರಾಕಿಗಳನ್ನು ಮಾತನಾಡಿಸುವ ಅಭ್ಯಾಸ ಮೊದಲಿನಿಂದಲೂ ಇದೆ. ಈಗ ಕಾಲೇಜು ಹುಡುಗರು ನನ್ನನ್ನು ‘ಫ್ರಿಂಗ್ ಅಂಕಲ್’ ಎಂದು ಕರೆಯತೊಡಗಿದ್ದಾರೆ. ಬೇಸರಪಡಬೇಕೋ ಬೇಡವೋ ತಿಳಿಯುತ್ತಿಲ್ಲ.
— ಓದುಗರು, ಬಸವನಗುಡಿ

ಉತ್ತರ: ಬೇಡ ಸ್ವಾಮಿ. ಅವರು ನಿಮ್ಮ ಅಂಗಿಯ ಇಸ್ತ್ರಿಯನ್ನು ಮೆಚ್ಚಿದ್ದಾರೆ. ನಿಮಗೂ ಅವನಿಗೂ ಇರುವ ವ್ಯತ್ಯಾಸ ನಿಮ್ಮ ಗಲ್ಲಾದ ಮೇಲೆಯೇ ಇದೆ: ಯಾರಾದರೂ ಎರಡು ಇಡ್ಲಿಯ ದುಡ್ಡು ಕೊಡದೆ ಹೋದರೆ ನೀವು ಗೊಣಗಿಕೊಂಡು ಸುಮ್ಮನಾಗುತ್ತೀರಿ. ಹುಡುಗರು ಮತ್ತೆ ಹಾಗೆ ಕರೆದರೆ, ಕಣ್ಣು ಮಿಟುಕಿಸದೆ ಅವರನ್ನೇ ಎರಡು ಕ್ಷಣ ನೋಡಿ, ‘ಕಾಫಿ ಹೇಗಿತ್ತು?’ ಎಂದು ಬಹಳ ಮೆಲ್ಲಗೆ ಕೇಳಿ.